ಸೋರುವ ಕಿವಿ, ಕಟ್ಟುವ ಗಂಟಲು: ನಮ್ಮ ಭಾಗದ ಮನೆಗಳಿಗೆ ಒಂದು ಮಾಹಿತಿ ಬರಹ



ಸೇಲಂ, ಧರ್ಮಪುರಿ ಕಡೆಯ ನಮ್ಮ ಮನೆಗಳಲ್ಲಿ "ಆ ಹುಡುಗನಿಗೆ ಕಿವಿ ಸೋರುತ್ತೆ" ಎಂಬ ಮಾತನ್ನು ಕಾಯಿಲೆಯ ಹೆಸರಾಗಿ ಹೇಳುವುದಿಲ್ಲ, ಹುಡುಗನ ಗುರುತಾಗಿ ಹೇಳುತ್ತೇವೆ. ಕಪ್ಪಗಿದ್ದಾನೆ, ಉದ್ದಕ್ಕಿದ್ದಾನೆ ಎನ್ನುವ ಹಾಗೆ. ಕಿವಿಗೆ ಹತ್ತಿ ಇಟ್ಟುಕೊಂಡು ಶಾಲೆಗೆ ಹೋಗುವ ಮಗು, ತಿಂಗಳಿಗೊಮ್ಮೆ ಗಂಟಲು ಕಟ್ಟಿ ಜ್ವರದಲ್ಲಿ ಮಲಗುವ ಮಗು ನಮ್ಮ ಎಲ್ಲ ಊರುಗಳಲ್ಲೂ ಇವೆ. "ದೊಡ್ಡವನಾದರೆ ತಾನೇ ಸರಿಹೋಗುತ್ತೆ" ಎಂದು ಕಾಯುವುದೇ ರೂಢಿ. ಎಷ್ಟೋ ಮಕ್ಕಳಿಗೆ ಸರಿಹೋಗುತ್ತದೆ ಎಂಬುದೂ ನಿಜ. ಸರಿಹೋಗದ ಮಕ್ಕಳಲ್ಲಿ ಏನಾಗುತ್ತದೆ, ಯಾವ ಲಕ್ಷಣ ಕಂಡರೆ ಕಾಯಬಾರದು, ಎಲ್ಲಿಗೆ ಹೋಗಬೇಕು ಎಂಬುದನ್ನು ಒಂದೆಡೆ ಬರೆದಿಡೋಣವೆಂದು ಈ ಬರಹ. ಇದು ವೈದ್ಯರ ಸಲಹೆಗೆ ಬದಲಲ್ಲ. ವೈದ್ಯರ ಹತ್ತಿರ ಸಮಯಕ್ಕೆ ಸರಿಯಾಗಿ ಹೋಗುವುದಕ್ಕೆ ಒಂದು ಸಹಾಯ, ಅಷ್ಟೆ.

ಕೇಳಿಸಲಿಲ್ಲವೋ, ಅರ್ಥವಾಗಲಿಲ್ಲವೋ?

ನಮ್ಮ ಭಾಗಕ್ಕೇ ವಿಶೇಷವಾದ ತೊಂದರೆಯನ್ನು ಮೊದಲು ಹೇಳಿಬಿಡುತ್ತೇವೆ. ನಮ್ಮ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಮೇಲಿಂದ ಇಂಗ್ಲಿಷು. ಒಂದನೇ ತರಗತಿಯ ಮಗು ಟೀಚರ್ ಹೇಳಿದ್ದಕ್ಕೆ ಉತ್ತರ ಕೊಡದೆ ಸುಮ್ಮನೆ ನೋಡುತ್ತಿದ್ದರೆ ಟೀಚರ್ ಏನೆಂದುಕೊಳ್ಳುತ್ತಾರೆ? ಕನ್ನಡದವರ ಮಗು, ತಮಿಳು ಇನ್ನೂ ಬಂದಿಲ್ಲ ಎಂದು. ಅದೇ ಮಗು ಮನೆಯಲ್ಲಿ ಎರಡೆರಡು ಸಲ "ಆಂ?" ಎಂದರೆ ಅಮ್ಮ ಏನೆಂದುಕೊಳ್ಳುತ್ತಾರೆ? ಶಾಲೆಗೆ ಹೋಗಿ ಕನ್ನಡ ಮರೆಯುತ್ತಿದೆ, ಇಲ್ಲವೆ ಹಟ ಮಾಡುತ್ತಿದೆ ಎಂದು. ಎರಡು ಕಡೆಯವರಿಗೂ ಒಂದೊಂದು ಕಾರಣ ಕೈಯಲ್ಲೇ ಇರುತ್ತದೆ. ಹೀಗಾಗಿ ಮಗುವಿಗೆ ಕೇಳಿಸುತ್ತಲೇ ಇಲ್ಲ ಎಂಬ ಮೂರನೆಯ ಕಾರಣ ಯಾರಿಗೂ ಹೊಳೆಯುವುದಿಲ್ಲ.

ಇದಕ್ಕೆ ಒಂದು ಸುಲಭ ಗುರುತಿದೆ. ಭಾಷೆ ಬಾರದ ಮಗುವಿಗೆ ತಮಿಳಿನಲ್ಲಿ ತೊಂದರೆ, ಕನ್ನಡದಲ್ಲಿ ಇಲ್ಲ. ಕೇಳಿಸದ ಮಗುವಿಗೆ ಎರಡರಲ್ಲೂ ತೊಂದರೆ. ಹಿಂದಿನಿಂದ, ಮುಖ ಕಾಣದಂತೆ ನಿಂತು, ಪಿಸುದನಿಯಲ್ಲಿ ಮನೆಮಾತಿನಲ್ಲೇ "ಬಾ, ಬೆಲ್ಲ ಕೊಡ್ತೀನಿ" ಎಂದು ಕರೆದು ನೋಡಿ. ತಿರುಗಿ ನೋಡದಿದ್ದರೆ ಬೇರೆ ದಿನ ಇನ್ನೊಂದು ಸಲ ಕರೆಯಿರಿ. ಆಗಲೂ ತಿರುಗದಿದ್ದರೆ ಕಿವಿಯ ಪರೀಕ್ಷೆ ಮಾಡಿಸಿ. ಟಿವಿಯ ಹತ್ತಿರವೇ ಹೋಗಿ ಕೂರುವುದು, ಸದ್ದು ಹೆಚ್ಚಿಸುವುದು, ಮಾತನಾಡುವವರ ತುಟಿಯನ್ನೇ ನೋಡುವುದು, ಯಾವಾಗಲೂ ಬಾಯಿ ತೆರೆದು ಉಸಿರಾಡುವುದು, ರಾತ್ರಿ ಗೊರಕೆ – ಇವನ್ನೂ ಗಮನಿಸಿ.

ಕಿವಿ ಸೋರದೆಯೇ ಹೀಗೆ ಮಂದವಾಗುವುದುಂಟು. ತಮಟೆಯ ಹಿಂದೆ ಅಂಟಿನಂಥ ದ್ರವ ತುಂಬಿಕೊಂಡು ನಿಲ್ಲುತ್ತದೆ. ನೋವಿಲ್ಲ, ಜ್ವರವಿಲ್ಲ, ಹೊರಗಡೆ ಏನೂ ಕಾಣದು. ವೈದ್ಯರು ಇದನ್ನು 'ಗ್ಲೂ ಇಯರ್' ಎನ್ನುತ್ತಾರೆ. ಹೆಚ್ಚಿನ ಮಕ್ಕಳಲ್ಲಿ ಮೂರು ತಿಂಗಳೊಳಗೆ ತಾನೇ ಇಳಿಯುತ್ತದೆ. ಇಳಿಯದಿದ್ದರೆ, ಕೇಳುವ ಶಕ್ತಿ ಕುಗ್ಗಿದ್ದರೆ, ತಮಟೆಯಲ್ಲಿ 'ಗ್ರಾಮೆಟ್' ಎಂಬ ಪುಟ್ಟ ಕೊಳವೆ ಇಡುತ್ತಾರೆ; ಸಾಮಾನ್ಯವಾಗಿ ಆರು ತಿಂಗಳಿಂದ ವರ್ಷದೊಳಗೆ ಅದು ತಾನಾಗಿ ಉದುರುತ್ತದೆ. ಅಷ್ಟು ಸಣ್ಣ ಕೆಲಸ ತಪ್ಪಿದ್ದರಿಂದ ಓದಿನಲ್ಲಿ ಹಿಂದುಳಿದ ಮಗು "ದಡ್ಡ" ಎಂಬ ಹೆಸರು ಹೊತ್ತುಕೊಂಡು ಮಗ್ಗಕ್ಕೋ ಕೂಲಿಗೋ ಹೋಗಿಬಿಟ್ಟರೆ ಆ ನಷ್ಟ ತುಂಬಿಕೊಡಲಾಗದ್ದು.

ಕಿವಿ ಯಾಕೆ ಸೋರುತ್ತದೆ

ಕಿವಿಯ ತಮಟೆ ಸುಮಾರು ಒಂದು ಸೆಂಟಿಮೀಟರ್ ಅಗಲದ, ಕಾಗದದಷ್ಟು ತೆಳ್ಳಗಿನ ಪೊರೆ. ಅದರ ಹಿಂದಿನ ಪುಟ್ಟ ಕೋಣೆಯೇ ನಡುಗಿವಿ. ಅಲ್ಲಿ ಮೂರು ಸಣ್ಣ ಮೂಳೆಗಳು ಸದ್ದನ್ನು ಒಳಕ್ಕೆ ಸಾಗಿಸುತ್ತವೆ. ನಡುಗಿವಿಯಿಂದ ಮೂಗಿನ ಹಿಂಭಾಗಕ್ಕೆ ಒಂದು ನಾಳವಿದೆ. 16ನೇ ಶತಮಾನದ ಇಟಲಿಯ ಅಂಗರಚನಾ ಪಂಡಿತ ಯೂಸ್ಟೇಕಿಯ ಹೆಸರಿನಲ್ಲಿ ಅದನ್ನು ಯೂಸ್ಟೇಷಿಯನ್ ನಾಳ ಎನ್ನುತ್ತಾರೆ. ದೊಡ್ಡವರಲ್ಲಿ ಅದು ಉದ್ದ, ಇಳಿಜಾರು. ಮಕ್ಕಳಲ್ಲಿ ಗಿಡ್ಡ, ಹೆಚ್ಚುಕಡಿಮೆ ಅಡ್ಡಲಾಗಿ ಮಲಗಿರುತ್ತದೆ. ಹಾಗಾಗಿ ನೆಗಡಿಯಾದರೆ ಮೂಗಿನ ಸೋಂಕು ಸುಲಭವಾಗಿ ಕಿವಿಗೆ ಹತ್ತುತ್ತದೆ. ಕಿವಿಯ ಕಾಯಿಲೆ ಹೆಚ್ಚಿನ ಸಲ ಹೊರಗಿನಿಂದಲ್ಲ, ಮೂಗು ಗಂಟಲಿನಿಂದ ಬರುವುದು ಎಂಬುದನ್ನು ನಮ್ಮ ಹಿರಿಯರಿಗೆ ಒಪ್ಪಿಸುವುದು ಕಷ್ಟ. "ಕಿವಿಗೆ ನೀರು ಹೋಗಿತ್ತು" ಎಂಬ ಒಂದೇ ವಿವರಣೆ ಅವರಿಗೆ ಸಾಕು.

ನಡುಗಿವಿಯಲ್ಲಿ ಕೀವು ತುಂಬಿದಾಗ ರಾತ್ರಿಯೆಲ್ಲ ಅಳಿಸುವ ನೋವು. ತಮಟೆ ಒಡೆದು ಕೀವು ಹೊರಬಂದ ಕೂಡಲೇ ನೋವು ಹೋಗುತ್ತದೆ. ನೋವು ಹೋಯಿತೆಂದು ಔಷಧ ನಿಲ್ಲಿಸುತ್ತೇವೆ. ತಪ್ಪಾಗುವುದು ಇಲ್ಲೇ. ಸರಿಯಾದ ಚಿಕಿತ್ಸೆ ಸಿಕ್ಕರೆ ಹೀಗೆ ಒಡೆದ ತಮಟೆ ಹೆಚ್ಚಿನ ಸಲ ತಾನೇ ಕೂಡಿಕೊಳ್ಳುತ್ತದೆ. ಸಿಗದಿದ್ದರೆ ತೂತು ಹಾಗೆಯೇ ಉಳಿದು, ನೆಗಡಿಯಾದಾಗಲೆಲ್ಲ, ನೀರು ಹೋದಾಗಲೆಲ್ಲ ಸೋರುತ್ತದೆ. ಎರಡು ವಾರ ಮೀರಿ ಸೋರಿದರೆ ಅದನ್ನು ದೀರ್ಘಕಾಲದ ಸೋಂಕು ಎಂದು ಎಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದೇ ಸಂಸ್ಥೆಯ 2004ರ ವರದಿ ಈ ಕಾಯಿಲೆ ಅತಿ ಹೆಚ್ಚಿರುವ ದೇಶಗಳ ಗುಂಪಿನಲ್ಲಿ ಭಾರತವನ್ನು ಸೇರಿಸಿದೆ. ಆ ಗುಂಪೆಂದರೆ ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು ಜನರಲ್ಲಿ ಇದು ಇರುವ ಕಡೆ. ನಮ್ಮ ಮನೆಗಳಲ್ಲಿ ಇದು ಸಾಮಾನ್ಯವಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ.

ಎರಡು ಬಗೆಯ ಸೋರಿಕೆ

ಎಲ್ಲ ಸೋರುವ ಕಿವಿಯೂ ಒಂದೇ ಅಲ್ಲ. ಈ ಬರಹದಲ್ಲಿ ಒಂದನ್ನು ಮಾತ್ರ ನೆನಪಿಡುವುದಾದರೆ ಈ ಭಾಗವನ್ನು ನೆನಪಿಡಿ.

ಮೊದಲನೆಯದು ತಮಟೆಯ ನಡುವೆ ತೂತಿರುವ ಕಿವಿ. ಲೋಳೆಯಂಥ ನೀರು ಧಾರಾಳವಾಗಿ ಬರುತ್ತದೆ, ವಾಸನೆ ಅಷ್ಟಿಲ್ಲ, ನಡುನಡುವೆ ನಿಂತು ಮತ್ತೆ ಶುರುವಾಗುತ್ತದೆ. ಕೇಳುವುದು ಸ್ವಲ್ಪ ಸ್ವಲ್ಪವೇ ಮಂದವಾಗುತ್ತದೆ. ಜೀವಕ್ಕೆ ಅಪಾಯ ಕಡಿಮೆ.

ಎರಡನೆಯದರಲ್ಲಿ ಸೋರಿಕೆ ಬಹಳ ಕಡಿಮೆ. ಆದರೆ ಕೆಟ್ಟ ವಾಸನೆ, ಒಮ್ಮೊಮ್ಮೆ ರಕ್ತದ ಎಳೆ. ಇಲ್ಲಿ ತಮಟೆಯ ಮೇಲ್ಭಾಗ ಒಳಕ್ಕೆ ಸೆಳೆದುಕೊಂಡು, ಚರ್ಮವು ಇರಬಾರದ ಜಾಗದಲ್ಲಿ ಚೀಲದಂತೆ ಬೆಳೆಯುತ್ತಾ ಹೋಗುತ್ತದೆ. 'ಕೊಲೆಸ್ಟಿಯೊಟೋಮಾ' ಎಂದು ಇದರ ಹೆಸರು. ಕ್ಯಾನ್ಸರ್ ಅಲ್ಲ, ಆದರೆ ಸುತ್ತಲಿನ ಮೂಳೆಯನ್ನು ಸವೆಸುತ್ತದೆ. ಮೊದಲು ಕೇಳಿಸುವ ಸಣ್ಣ ಮೂಳೆಗಳು ಹೋಗುತ್ತವೆ. ಮುಖದ ನರ ನಡುಗಿವಿಯ ಗೋಡೆಯಲ್ಲೇ ಹಾದುಹೋಗುವುದರಿಂದ ಅದಕ್ಕೆ ತಗುಲಿದರೆ ಬಾಯಿ ಸೊಟ್ಟಗಾಗುತ್ತದೆ, ಕಣ್ಣು ಮುಚ್ಚಲಾಗದು. ಒಳಗಿವಿಗೆ ತಗುಲಿದರೆ ತಲೆಸುತ್ತು. ನಡುಗಿವಿಗೂ ಮೆದುಳಿಗೂ ನಡುವೆ ಇರುವುದು ತೀರ ತೆಳುವಾದ ಮೂಳೆಯ ತಟ್ಟೆ. ಅದು ಸವೆದರೆ ಮೆದುಳು ಪೊರೆಯ ಉರಿಯೂತ, ಮೆದುಳಿನಲ್ಲಿ ಕೀವಿನ ಗಡ್ಡೆ. ಸೋರಿಕೆ ಕಡಿಮೆ ಎಂದು ಸಮಾಧಾನಪಡುವ ಕಿವಿಯೇ ಹೆಚ್ಚು ಅಪಾಯದ ಕಿವಿ. ಇದು ಹನಿ ಔಷಧದಿಂದ ಹೋಗುವುದಿಲ್ಲ, ಶಸ್ತ್ರಚಿಕಿತ್ಸೆಯೇ ಆಗಬೇಕು.

ಬಡವರಿಗೆ ಮಾತ್ರ ಬರುವ ಕಾಯಿಲೆ ಇದೆಂದೂ ತಿಳಿಯಬೇಡಿ. ಡಬ್ಲಿನ್ ನಗರದ ವಿಲಿಯಂ ವೈಲ್ಡ್ ತಮ್ಮ ಕಾಲದ ದೊಡ್ಡ ಕಿವಿ ವೈದ್ಯರು. 1853ರಲ್ಲೇ ಕಿವಿಯ ಶಸ್ತ್ರಚಿಕಿತ್ಸೆಯ ಬಗ್ಗೆ ಪುಸ್ತಕ ಬರೆದವರು. ಅವರ ಮಗ, ಪ್ರಸಿದ್ಧ ನಾಟಕಕಾರ ಆಸ್ಕರ್ ವೈಲ್ಡ್, 1900ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡಾಗ ಮೆದುಳು ಪೊರೆಗೆ ಸೋಂಕು ತಗುಲಿತ್ತು. ಅದು ಅವರ ಹಳೆಯ ಕಿವಿಯ ಕಾಯಿಲೆಯಿಂದಲೇ ಹಬ್ಬಿದ್ದೆಂದು ಹಲವು ವೈದ್ಯರು ಬರೆದಿದ್ದಾರೆ. ಆಗ ಆಂಟಿಬಯಾಟಿಕ್ ಇರಲಿಲ್ಲ. ಈಗ ಇದೆ, ಮೈಕ್ರೋಸ್ಕೋಪ್ ಇಟ್ಟು ಮಾಡುವ ಶಸ್ತ್ರಚಿಕಿತ್ಸೆಯೂ ಇದೆ.

ಈ ಲಕ್ಷಣಗಳು ಕಂಡರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಿ: ಕಿವಿಯ ಹಿಂದೆ ಊತ ಬಂದು ಕಿವಿ ಮುಂದಕ್ಕೆ ತಳ್ಳಿದಂತಾಗುವುದು, ಸೋರುತ್ತಿದ್ದ ಕಿವಿ ಇದ್ದಕ್ಕಿದ್ದಂತೆ ನಿಂತು ಜ್ವರ, ತಲೆನೋವು, ವಾಂತಿ ಶುರುವಾಗುವುದು, ಬಾಯಿ ಸೊಟ್ಟಗಾಗುವುದು, ನಿಲ್ಲಲಾಗದ ತಲೆಸುತ್ತು, ಕುತ್ತಿಗೆ ಬಗ್ಗಿಸಲಾಗದಿರುವುದು, ಮಂಪರು, ಫಿಟ್ಸ್.

ಎಣ್ಣೆ, ನೀರು, ಹತ್ತಿಕಡ್ಡಿ

ಶನಿವಾರದ ಎಣ್ಣೆಸ್ನಾನದಲ್ಲಿ ಕಿವಿಗೂ ಎರಡು ಹನಿ ಬಿಡುವುದು ನಮ್ಮಲ್ಲೂ ತಮಿಳರಲ್ಲೂ ಇರುವ ಪದ್ಧತಿ. ತಮಟೆ ಗಟ್ಟಿಯಿದ್ದವರಿಗೆ ಅದರಿಂದ ದೊಡ್ಡ ಹಾನಿಯೇನೂ ಆಗಲಿಕ್ಕಿಲ್ಲ. ತೂತಿದ್ದವರಿಗೆ ಎಣ್ಣೆ ನೇರವಾಗಿ ನಡುಗಿವಿಗೆ ಇಳಿಯುತ್ತದೆ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ, ಎಲೆಯ ರಸ, ಎದೆಹಾಲು ಎಲ್ಲವೂ ಹಾಗೆಯೇ. ಒದ್ದೆ ಕಿವಿಯಲ್ಲಿ ಬೂಷ್ಟು ಬೆಳೆದು ವಿಪರೀತ ತುರಿಕೆಯಾಗುವುದೂ ಉಂಟು. ಇದನ್ನು ಬರೆದರೆ ನಮ್ಮ ಅಜ್ಜಿಯರಿಗೆ ಬೇಸರವಾಗಬಹುದು. ತಲೆಗೆ, ಮೈಗೆ ಧಾರಾಳವಾಗಿ ಹಚ್ಚಲಿ. ಸೋರುವ ಕಿವಿಗೆ ಮಾತ್ರ ಬೇಡ ಎಂಬುದಷ್ಟೇ ನಮ್ಮ ವಿನಂತಿ.

ಹೊಗೇನಕಲ್ಲಿಗೆ ಹೋದವರಿಗೂ ಇದೇ ಮಾತು. ಅಲ್ಲಿ ಎಣ್ಣೆ ಮಾಲೀಶು ಮಾಡಿಸಿಕೊಂಡು ಜಲಪಾತದಡಿ ನಿಲ್ಲುವುದೇ ಒಂದು ಸುಖ. ಕಿವಿಯಲ್ಲಿ ತೂತಿದ್ದವರು ನೀರು ತಲೆಗೆ ಬೀಳದಂತೆ ನೋಡಿಕೊಳ್ಳಬೇಕು. ಮೆಟ್ಟೂರಿನ ಕಾವೇರಿಯಲ್ಲಿ, ತೋಟದ ಬಾವಿಯಲ್ಲಿ ಮುಳುಗು ಹಾಕುವ ಹುಡುಗರಿಗೂ ಅಷ್ಟೆ. ಮನೆಯಲ್ಲಿ ಸ್ನಾನ ಮಾಡುವಾಗ ಹತ್ತಿಯ ಉಂಡೆಗೆ ವ್ಯಾಸಲೀನ್ ಸವರಿ ಕಿವಿಯ ಬಾಯಿಗೆ ಇಟ್ಟು, ಆಮೇಲೆ ತೆಗೆದುಬಿಡಬೇಕು. ದಿನವಿಡೀ ಹತ್ತಿ ತುರುಕಿಟ್ಟರೆ ಕೀವು ಒಳಗೇ ನಿಲ್ಲುತ್ತದೆ.

ಸೋರುವ ಕಿವಿಗೆ ಮನೆಯಲ್ಲಿ ಮಾಡಬಹುದಾದ್ದು ಒಣಗಿಸುವುದು. ಶುಚಿಯಾದ, ನೀರು ಹೀರುವ ಹತ್ತಿ ಬಟ್ಟೆಯನ್ನು ಬತ್ತಿಯಂತೆ ಹೊಸೆದು ಕಿವಿಯ ಬಾಯಲ್ಲಿಡಿ, ಒದ್ದೆಯಾದ ಮೇಲೆ ತೆಗೆದು ಬೇರೆಯದಿಡಿ. ಒಣಗುವವರೆಗೆ ಹೀಗೆ, ದಿನಕ್ಕೆ ಮೂರು ಸಲ. ಕಡ್ಡಿ, ಹೇರ್‌ಪಿನ್ ಬೇಡ. ಒಣಗಿಸಿದ ಮೇಲೆ ವೈದ್ಯರು ಬರೆದ ಹನಿ. ಸೀಸೆಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಳ್ಳಿ, ತಣ್ಣನೆಯ ಹನಿ ತಲೆಸುತ್ತು ತರುತ್ತದೆ. ಮಗುವನ್ನು ಪಕ್ಕಕ್ಕೆ ಮಲಗಿಸಿ ಹನಿ ಬಿಟ್ಟು, ಕಿವಿಯ ಬಾಯಲ್ಲಿರುವ ಪುಟ್ಟ ದಿಬ್ಬವನ್ನು ನಾಲ್ಕೈದು ಸಲ ಒತ್ತಿ, ಐದು ನಿಮಿಷ ಹಾಗೇ ಇರಲಿ. ಪಕ್ಕದ ಮನೆಯವರಿಗೆ ಬರೆದ ಹನಿಯನ್ನು ತಂದು ಹಾಕಬೇಡಿ. ಜೆಂಟಾಮೈಸಿನ್‌ನಂಥ ಕೆಲವು ಔಷಧಗಳು ತೂತಿನ ಮೂಲಕ ಒಳಗಿವಿಗೆ ಹೋದರೆ ಕೇಳಿಸುವ ನರಕೋಶಗಳಿಗೇ ಪೆಟ್ಟು. ಅದಕ್ಕೇ ತಮಟೆ ನೋಡದೆ ಹನಿ ಕೊಡಬಾರದು ಎನ್ನುವುದು.

ಸಕ್ಕರೆ ಕಾಯಿಲೆಯ ಹಿರಿಯರಿಗೆ ಕಿವಿಯಲ್ಲಿ ರಾತ್ರಿ ಹೊತ್ತು ಕೊರೆಯುವಂಥ ನೋವು ಬಂದರೆ ಅದನ್ನು ಪ್ರತ್ಯೇಕವಾಗಿ ನೋಡಬೇಕು. ಹೊರಗಿವಿಯ ಸೋಂಕು ಅವರಲ್ಲಿ ತಲೆಬುರುಡೆಯ ಮೂಳೆಗೆ ಇಳಿಯಬಲ್ಲದು.

ಮಗ್ಗದ ಮನೆಗಳವರಿಗೆ ಇನ್ನೊಂದು ಮಾತು. ತಾರಮಂಗಲಂ, ಜಲಕಂಠಾಪುರಂ, ಇಳಂಪಿಳ್ಳೈ ಕಡೆ ಪವರ್‌ಲೂಮ್ ನಡುವೆ ಬದುಕುವವರು ಕಿವಿ ಮಂದವಾದರೆ "ಮಗ್ಗದ ಸದ್ದು" ಎಂದುಬಿಡುತ್ತಾರೆ. ಆ ಸದ್ದು ಕಿವಿ ಕೆಡಿಸುವುದು ನಿಜ. ಎಂಟು ಗಂಟೆಯ ಕೆಲಸಕ್ಕೆ ನಮ್ಮ ದೇಶದ ಕಾರ್ಖಾನೆ ನಿಯಮಗಳ ಮಿತಿ 90 ಡೆಸಿಬೆಲ್. ಆದರೆ ಸದ್ದಿನಿಂದ ಕೆಟ್ಟ ಕಿವಿ ಸೋರುವುದಿಲ್ಲ, ಸಾಮಾನ್ಯವಾಗಿ ಎರಡು ಕಡೆಯೂ ಒಂದೇ ಸಮ ಮಂದವಾಗುತ್ತದೆ. ಒಂದೇ ಕಿವಿ ಮಂದ, ಜೊತೆಗೆ ಸೋರಿಕೆ ಎಂದರೆ ಮಗ್ಗದ ಮೇಲೆ ಹೊರಿಸಬೇಡಿ. ಸದ್ದಿನಿಂದ ಹೋದದ್ದು ಮರಳುವುದಿಲ್ಲ. ಸೋರಿಕೆಯಿಂದ ಹೋದದ್ದನ್ನು ಹಲವು ಸಲ ಮರಳಿಸಬಹುದು.

ಗಂಟಲಿನ ವಿಷಯ

"ಕಿರುನಾಲಿಗೆ ಬೆಳೆದಿದೆ" ಎಂದು ನಾವು, "ಉಳ್‌ನಾಕ್ಕು" ಎಂದು ತಮಿಳರು ಹೇಳುವುದು ಹೆಚ್ಚಾಗಿ ಟಾನ್ಸಿಲ್ ಕುರಿತು. ಕಿರುನಾಲಿಗೆ ನಡುವೆ ನೇತಾಡುವುದು. ಟಾನ್ಸಿಲ್ ಅದರ ಎರಡು ಪಕ್ಕದ ಗಡ್ಡೆಗಳು. ಮೂಗಿನ ಹಿಂದೆ, ಕಣ್ಣಿಗೆ ಕಾಣದಂತೆ, ಅಡಿನಾಯ್ಡ್ ಎಂಬ ಇನ್ನೊಂದು ಇದೆ. ಅದು ಊದಿಕೊಂಡರೆ ಕಿವಿಯ ನಾಳದ ಬಾಯಿ ಮುಚ್ಚುತ್ತದೆ. ಗಂಟಲಿನ ಕಾಯಿಲೆಯೂ ಕಿವಿಯ ಕಾಯಿಲೆಯೂ ಒಂದೇ ಮಗುವಿನಲ್ಲಿ ಕೂಡಿ ಬರಲು ಇದೂ ಒಂದು ಕಾರಣ.

ಹೆಚ್ಚಿನ ಗಂಟಲು ನೋವು ವೈರಸ್‌ನಿಂದ ಬರುವುದು. ಮೂಗು ಸೋರಿಕೆ, ಕೆಮ್ಮು ಜೊತೆಗಿರುತ್ತದೆ, ಆಂಟಿಬಯಾಟಿಕ್ ಬೇಕಿಲ್ಲ. ಜೋರು ಜ್ವರ, ಟಾನ್ಸಿಲ್ ಮೇಲೆ ಬಿಳಿ ಚುಕ್ಕೆ, ಕತ್ತಿನಲ್ಲಿ ನೋಯುವ ಗಂಟು, ಆದರೆ ಕೆಮ್ಮು ಇಲ್ಲ ಎಂದಾದರೆ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಇರಬಹುದು. ಭಯಪಡಬೇಕಾದ್ದು ಇದಕ್ಕೆ. ಗಂಟಲು ವಾಸಿಯಾಗಿ ಎರಡು ಮೂರು ವಾರದ ನಂತರ ಕೆಲವು ಮಕ್ಕಳಿಗೆ ಮೊಣಕಾಲು ಊದಿ, ಅದು ಇಳಿದು ಕಣಕಾಲು, ಮತ್ತೆ ಮೊಣಕೈ ಹೀಗೆ ನೋವು ಕೀಲಿಂದ ಕೀಲಿಗೆ ಓಡಾಡುತ್ತದೆ. ಇದು ರುಮ್ಯಾಟಿಕ್ ಜ್ವರ; 5ರಿಂದ 15 ವರ್ಷದವರಲ್ಲಿ ಹೆಚ್ಚು. ಕೀಲುನೋವು ಮಾಯವಾಗುತ್ತದೆ, ಹೃದಯದ ಕವಾಟಕ್ಕೆ ಆದ ಗಾಯ ಉಳಿಯುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ಇದು ತಿಳಿಯುವುದೇ ಮದುವೆಯಾಗಿ ಬಸುರಿಯಾದಾಗ, ಏದುಸಿರು ಬಂದ ಮೇಲೆ.

ಗಂಟಲು ನೋವು ಶುರುವಾದ ಒಂಬತ್ತು ದಿನದೊಳಗೆ ಪೆನಿಸಿಲಿನ್ ಜಾತಿಯ ಔಷಧ ಶುರುಮಾಡಿದರೂ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು. ಮಾತ್ರೆ ಹತ್ತು ದಿನ ಬರೆದರೆ ಹತ್ತೂ ದಿನ ಕೊಡಿ. ಮೂರನೇ ದಿನಕ್ಕೆ ಜ್ವರ ಬಿಟ್ಟಿತೆಂದು ಉಳಿದ ಮಾತ್ರೆಯನ್ನು ಮುಂದಿನ ಸಲಕ್ಕೆ ಎತ್ತಿಡುವುದು ನಮ್ಮೆಲ್ಲರ ಮನೆಯ ಅಭ್ಯಾಸ. ಒಮ್ಮೆ ಈ ಜ್ವರ ಬಂದ ಮಕ್ಕಳಿಗೆ ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಹಲವು ವರ್ಷ ಬೇಕಾಗುತ್ತದೆ. ಕೆಲಸಕ್ಕೆಂದು ಬೆಂಗಳೂರಿಗೂ ಊರಿಗೂ ಓಡಾಡುವ ಕುಟುಂಬಗಳಲ್ಲಿ ಅದು ತಪ್ಪಿಹೋಗುವ ಸಂಭವ ಹೆಚ್ಚು. ಹಬ್ಬಕ್ಕೆ ಊರಿಗೆ ಹೊರಡುವ ಮೊದಲು ಇಂಜೆಕ್ಷನ್ ತಾರೀಖು ನೋಡಿಕೊಳ್ಳಿ.

ಬಾಯಿ ತೆರೆಯಲಾಗದೆ, ಜೊಲ್ಲು ಸುರಿಸುತ್ತಾ, ದನಿ ದಪ್ಪವಾದರೆ ಟಾನ್ಸಿಲ್ ಪಕ್ಕದಲ್ಲಿ ಕೀವು ಕಟ್ಟಿದೆ ಎಂದರ್ಥ, ಅದೇ ದಿನ ಆಸ್ಪತ್ರೆಗೆ ಹೋಗಿ. ಗಂಟಲಲ್ಲಿ ಬೂದು ಬಣ್ಣದ ಪೊರೆ ಕಂಡರೆ ಡಿಫ್ತೀರಿಯಾ, ನಮ್ಮ ಹಿರಿಯರು ಗಂಟಲುಮಾರಿ ಎನ್ನುತ್ತಿದ್ದದ್ದು, ಎಂದು ಸಂಶಯಪಡಬೇಕು. ಮಗುವಿಗೆ 6, 10, 14 ವಾರದ ಲಸಿಕೆ ಹಾಕಿಸಿ, ಒಂದೂವರೆ ವರ್ಷದ್ದೂ ಐದು ವರ್ಷದ್ದೂ ಬಿಟ್ಟವರು ಇದ್ದರೆ ಕಾರ್ಡು ತೆಗೆದು ನೋಡಿ. 10 ಮತ್ತು 16ನೇ ವರ್ಷಕ್ಕೂ ಒಂದೊಂದಿದೆ.

ಟಾನ್ಸಿಲ್ ತೆಗೆಸಬೇಕೆ ಎಂದು ಬಹಳ ಜನ ಕೇಳುತ್ತಾರೆ. ವೈದ್ಯರು ಬಳಸುವ ಲೆಕ್ಕ ಹೀಗೆ: ಒಂದೇ ವರ್ಷದಲ್ಲಿ ಏಳು ಸಲ, ಅಥವಾ ಎರಡು ವರ್ಷ ಸತತ ಐದೈದು ಸಲ, ಅಥವಾ ಮೂರು ವರ್ಷ ಸತತ ಮೂರು ಮೂರು ಸಲ, ಜ್ವರದೊಂದಿಗೆ ಬಂದಿದ್ದರೆ ಯೋಚಿಸಬೇಕು. ಎಷ್ಟು ಸಲ ಬಂತೆಂದು ನಾವು ಬರೆದಿಟ್ಟಿರುವುದಿಲ್ಲ. ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿಡಿ, ಸಾಕು.

ಎಲ್ಲಿಗೆ ಹೋಗುವುದು, ಏನು ಹೇಳುವುದು

ಸೇಲಂನ ಮೋಹನ್ ಕುಮಾರಮಂಗಲಂ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೂ ಧರ್ಮಪುರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೂ ನಮ್ಮ ಊರುಗಳಿಂದ ಹೋಗಿಬರಬಹುದು. ಓಪಿ ಚೀಟಿ ಕೌಂಟರಿನಲ್ಲಿ ಇಎನ್‌ಟಿ ಎಂದು ಕೇಳಿ. ತೂತು ಮುಚ್ಚುವ ಶಸ್ತ್ರಚಿಕಿತ್ಸೆಗೆ ಕಿವಿಯ ಮೇಲ್ಭಾಗದ ಸ್ನಾಯುವಿನ ಹೊದಿಕೆಯನ್ನೇ ಸ್ವಲ್ಪ ತೆಗೆದು ತಮಟೆಗೆ ತೇಪೆ ಹಾಕುತ್ತಾರೆ. ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮೆಯ ಕಾರ್ಡಿದ್ದವರು ಅದನ್ನು ಒಯ್ದು, ತಮ್ಮ ಶಸ್ತ್ರಚಿಕಿತ್ಸೆ ಅದರಲ್ಲಿ ಸೇರಿದೆಯೇ ಎಂದು ಅಲ್ಲಿನ ವಿಮೆ ಕೌಂಟರಿನಲ್ಲಿ ವಿಚಾರಿಸಿ. ಸರ್ಕಾರಿ ಶಾಲೆ, ಅಂಗನವಾಡಿಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ನೋಡಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಕಿವಿ ಸೋರಿಕೆ, ಕಿವಿ ಮಂದ, ರುಮ್ಯಾಟಿಕ್ ಹೃದ್ರೋಗ ಮೂರೂ ಇವೆ. ತಂಡ ಬರುವ ದಿನ ಮಗುವನ್ನು ರಜೆ ಹಾಕಿಸಬೇಡಿ. ಟೀಚರಿಗೆ ಮೊದಲೇ ಹೇಳಿಡಿ.

ಕೇಳುವ ಪರೀಕ್ಷೆಯಲ್ಲಿ ಎರಡು ಬಗೆ. ಬರಿಯ ಸದ್ದು ಕೇಳಿಸಿ ಮಾಡುವುದಕ್ಕೆ ಭಾಷೆ ಬೇಕಿಲ್ಲ. ಪದ ಹೇಳಿಸಿ ಮಾಡುವುದಕ್ಕೆ ಮಗುವಿನ ಮನೆಮಾತೇ ಬೇಕು, ಇಲ್ಲವಾದರೆ ಫಲಿತಾಂಶ ತಪ್ಪಾಗಬಹುದು. "ವೀಟಿಲೆ ಕನ್ನಡಂ ಪೇಸುರೋಂ" ಎಂದು ಮೊದಲೇ ತಿಳಿಸಿ. ಕನ್ನಡದಲ್ಲೇ ಪೂರ್ಣ ಪರೀಕ್ಷೆ, ಮಾತಿನ ತರಬೇತಿ ಬೇಕಾದವರಿಗೆ 1965ರಲ್ಲಿ ಶುರುವಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ತಮಿಳು ಅಷ್ಟಾಗಿ ಬಾರದ ನಮ್ಮ ಹಿರಿಯ ಹೆಂಗಸರಿಗಾಗಿ ಕೆಲವು ಪದಗಳು: ಕಿವಿ – ಕಾದು, ಕೀವು – ಸೀಳ್, ಕಿವಿ ಸೋರುವುದು – ಕಾದಿಲ್ ಸೀಳ್ ವಡಿಯುದು, ಕೇಳಿಸುವುದಿಲ್ಲ – ಕಾದು ಕೇಕ್ಕಲೆ, ಗಂಟಲು ನೋವು – ತೊಂಡೈ ವಲಿ, ತಲೆಸುತ್ತು – ತಲೈ ಸುತ್ತಲ್, ವಾಸನೆ ಬರುತ್ತದೆ – ನಾಟ್ರಂ ಅಡಿಕ್ಕುದು. ಕೊನೆಯದನ್ನು ಹೇಳಲು ನಾಚಿಕೆ ಬೇಡ, ವೈದ್ಯರಿಗೆ ಅದೇ ಮುಖ್ಯ ಸುಳಿವು. ಎಷ್ಟು ದಿನದಿಂದ, ಯಾವ ಕಿವಿ, ಯಾವ ಹನಿ ಹಾಕಿದ್ದೀರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಬೆಂಗಳೂರಿನಲ್ಲಿ ತೋರಿಸಿದ್ದರೆ ಆ ಹಳೆಯ ಚೀಟಿ, ಸ್ಕ್ಯಾನ್, ಖಾಲಿ ಔಷಧ ಸೀಸೆ ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ.